ಕ್ಲಾಸ್ ಟೂ ಚೀಟಿ ಹಿಡಿದು ಹೊಲ ಮಾರಬೇಡಿ!



ಪೈಲಟ್ ಆಗಬೇಕೆಂದು ಹೊರಟಿದ್ದೀರಾ? ಬಹಳ ಸಂತೋಷ. ಆದರೆ ಫ್ಲೈಯಿಂಗ್ ಸ್ಕೂಲಿಗೆ ಮೊದಲ ಕಂತು ಕಟ್ಟುವ ಮುಂಚೆ, ಅಪ್ಪನ ಹೊಲದ ಉತಾರ ಬ್ಯಾಂಕಿಗೆ ಒಯ್ಯುವ ಮುಂಚೆ, ನಿಮ್ಮ ಕೈಯಲ್ಲಿರುವ ಮೆಡಿಕಲ್ ಸರ್ಟಿಫಿಕೇಟಿನ ಮೇಲೆ ಯಾವ ಕ್ಲಾಸ್ ಎಂದು ಬರೆದಿದೆ, ಒಮ್ಮೆ ಓದಿಕೊಳ್ಳಿ. ಕ್ಲಾಸ್ ಟೂ ಎಂದಿದ್ದರೆ ಅಲ್ಲಿಯೇ ನಿಲ್ಲಿ. ಒಂದು ರೂಪಾಯಿಯನ್ನೂ ಬಿಚ್ಚಬೇಡಿ.

ನಾನು ಡಾಕ್ಟರನಲ್ಲ, ವಿಮಾನ ಹಾರಿಸುವವನೂ ಅಲ್ಲ. ಪಿಯುಸಿ ಮುಗಿಸಿ ಹುಬ್ಬಳ್ಳಿಯಲ್ಲಿ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ಆದರೆ ಪ್ರೆಸ್ಸಿನವನ ಕಣ್ಣ ಮುಂದೆ ಊರಿನ ಎಲ್ಲ ಆಸೆಗಳೂ ಒಮ್ಮೆ ಹಾದು ಹೋಗುತ್ತವೆ. ಮದುವೆ ಕಾರ್ಡು, ಚುನಾವಣೆ ಕರಪತ್ರ, ಕೋಚಿಂಗ್ ಕ್ಲಾಸಿನ ಹ್ಯಾಂಡ್‌ಬಿಲ್ಲು. ಈಚಿನ ವರ್ಷಗಳಲ್ಲಿ ಅವುಗಳ ಜೊತೆ ವಿಮಾನದ ಚಿತ್ರವಿರುವ ಹ್ಯಾಂಡ್‌ಬಿಲ್ಲೂ ಬರುತ್ತಿದೆ. ಕ್ಯಾಪ್ಟನ್ ಟೋಪಿ ಹಾಕಿದ ಹುಡುಗ, ಹಿಂದೆ ನೀಲಿ ಆಕಾಶ, ಕೆಳಗೆ ಫೋನ್ ನಂಬರು. ಫೀ ಎಷ್ಟೆಂದು ಇಲ್ಲ, ಮೆಡಿಕಲ್ಲಿನ ಮಾತಂತೂ ಇಲ್ಲವೇ ಇಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ! ಹಂಚುವುದು ಮಾತ್ರ ಸಪ್ತಾಪುರದಲ್ಲಿ, ವಿದ್ಯಾನಗರದಲ್ಲಿ, ಹಾವೇರಿ ಗದಗದಿಂದ ಬಸ್ಸಿಳಿದು ಬರುವ ಮಕ್ಕಳ ಕೈಗೆ.

ಮೂರು ಕ್ಲಾಸಿನ ಕತೆ

ನಮ್ಮ ದೇಶದಲ್ಲಿ ಪೈಲಟ್ ಲೈಸೆನ್ಸು ಕೊಡುವುದು ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಜನರ ಬಾಯಲ್ಲಿ ಡಿಜಿಸಿಎ. ಅದರ ಲೆಕ್ಕದಲ್ಲಿ ಮೆಡಿಕಲ್ ಮೂರು ಬಗೆ. ಸಂಬಳಕ್ಕಾಗಿ ವಿಮಾನ ಹಾರಿಸುವವರಿಗೆ, ಅಂದರೆ ಕಮರ್ಷಿಯಲ್ ಪೈಲಟ್ ಲೈಸೆನ್ಸಿನವರಿಗೆ ಮತ್ತು ಅದಕ್ಕೂ ಮೇಲಿನ ಏರ್‌ಲೈನ್ ಕ್ಯಾಪ್ಟನ್ ಲೈಸೆನ್ಸಿನವರಿಗೆ ಕ್ಲಾಸ್ ಒನ್. ಕಲಿಯಲು ಶುರು ಮಾಡುವ ಸ್ಟೂಡೆಂಟ್ ಪೈಲಟ್‌ಗೆ, ಹವ್ಯಾಸಕ್ಕಾಗಿ ಹಾರಿಸುವ ಪ್ರೈವೇಟ್ ಪೈಲಟ್‌ಗೆ ಕ್ಲಾಸ್ ಟೂ. ನೆಲದ ಮೇಲೆ ಗೋಪುರದಲ್ಲಿ ಕೂತು ವಿಮಾನಗಳಿಗೆ ದಾರಿ ತೋರಿಸುವ ಏರ್ ಟ್ರಾಫಿಕ್ ಕಂಟ್ರೋಲರಿಗೆ ಕ್ಲಾಸ್ ತ್ರೀ.

ಇಷ್ಟೇ. ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಮಾತು. ಆದರೆ ಈ ಅರ್ಧ ನಿಮಿಷದ ಮಾತು ಗೊತ್ತಿಲ್ಲದೆ ಮನೆತನಗಳು ಮುಳುಗುತ್ತವೆ. ಹೇಗೆ ಅಂತೀರಾ?

ನಿಯಮ ಇರುವುದು ಹೀಗೆ. ಯಾರೇ ಆಗಲಿ ಮೊದಲು ಡಿಜಿಸಿಎ ಪಟ್ಟಿಯಲ್ಲಿರುವ ಡಾಕ್ಟರ ಹತ್ತಿರ ಕ್ಲಾಸ್ ಟೂ ಮಾಡಿಸಬೇಕು. ಅದರ ಫಲಿತಾಂಶ ಡಿಜಿಸಿಎಯಿಂದ ಬಂದ ಮೇಲೆಯೇ ಕ್ಲಾಸ್ ಒನ್‌ಗೆ ಹೋಗಬೇಕು. ಮೊದಲ ಬಾರಿಯ ಕ್ಲಾಸ್ ಒನ್ ಮೂಲೆಮೂಲೆಯ ಕ್ಲಿನಿಕ್ಕಿನಲ್ಲಿ ಆಗುವುದಿಲ್ಲ. ವಾಯುಪಡೆಯ ವೈದ್ಯಕೇಂದ್ರಗಳಲ್ಲಿ, ಇಲ್ಲವೇ ಡಿಜಿಸಿಎ ಅದಕ್ಕೆಂದೇ ಮಾನ್ಯತೆ ಕೊಟ್ಟ ಕೇಂದ್ರಗಳಲ್ಲಿ ಆಗುತ್ತದೆ. ತಾರೀಖಿಗಾಗಿ ಕಾಯಬೇಕಾಗುತ್ತದೆ. ಇತ್ತ ಹಾರಾಟದ ಪಾಠಕ್ಕೆ ಬೇಕಾಗುವುದು ಸ್ಟೂಡೆಂಟ್ ಪೈಲಟ್ ಲೈಸೆನ್ಸು; ಅದಕ್ಕೆ ಕ್ಲಾಸ್ ಟೂ ಸಾಕು. ಈ ಸಂದಿಯಲ್ಲೇ ದಲ್ಲಾಳಿ ಕೂತಿದ್ದಾನೆ! "ಕ್ಲಾಸ್ ಟೂ ಆತಲ್ಲ, ನೀ ಫಿಟ್ ಅದೀ ತಮ್ಮಾ. ಅಡ್ಮಿಶನ್ ಮಾಡಿಸು, ಕ್ಲಾಸ್ ಒನ್ ಆಮ್ಯಾಲೆ ನೋಡೋಣಂತ" ಎನ್ನುತ್ತಾನೆ. ಕಾನೂನಿನ ಪ್ರಕಾರ ಅವನು ಸುಳ್ಳು ಹೇಳಿಲ್ಲ. ಹುಡುಗ ಹಾರಾಟ ಶುರು ಮಾಡಬಹುದು. ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ 200 ಗಂಟೆಗಳನ್ನು ಒಟ್ಟುಮಾಡುತ್ತ ಹೋಗಬಹುದು. ನಲವತ್ತು ಐವತ್ತು ಲಕ್ಷ ಸುರಿಯಬಹುದು. ಕೊನೆಗೆ ಕ್ಲಾಸ್ ಒನ್‌ನಲ್ಲಿ ಕಣ್ಣೋ ಕಿವಿಯೋ ಎದೆಯೋ ಕೈಕೊಟ್ಟರೆ ಆ 200 ಗಂಟೆಗೆ ನೌಕರಿಯ ಪೇಟೆಯಲ್ಲಿ ಮೂರು ಕಾಸಿನ ಬೆಲೆ ಇಲ್ಲ. ಆಗ ದಲ್ಲಾಳಿಯ ಫೋನ್ ಸ್ವಿಚ್ಡ್ ಆಫ್.

ಕ್ಲಾಸ್ ಟೂ ಕೀಳು, ಕ್ಲಾಸ್ ಒನ್ ಮೇಲು ಎಂದು ಯಾರೂ ತಿಳಿಯಬೇಡಿ. ವ್ಯಾಪಾರ ಮಾಡಿಕೊಂಡು ಭಾನುವಾರ ಸ್ವಂತ ಖುಷಿಗೆ ಹಾರಿಸಬೇಕೆನ್ನುವವನಿಗೆ ಕ್ಲಾಸ್ ಟೂ ಧಾರಾಳ ಸಾಕು. ಅವನು ಕ್ಲಾಸ್ ಒನ್ ಹಿಂದೆ ಅಲೆಯುವುದು ದಂಡ. ಬಿಎಸ್ಸಿಯಲ್ಲಿ ಭೌತಶಾಸ್ತ್ರ ಗಣಿತ ಓದಿ, ಇಲ್ಲವೇ ಇಂಜಿನಿಯರಿಂಗ್ ಮುಗಿಸಿ ಕಂಟ್ರೋಲರ್ ನೌಕರಿಗೆ ಹೋಗುವವರಿಗೆ ಕ್ಲಾಸ್ ತ್ರೀ. ಅದರಲ್ಲಿ ಲಕ್ಷಗಟ್ಟಲೆ ಸುರಿಯುವ ಪ್ರಮೇಯವೇ ಇಲ್ಲ, ಏರ್‌ಪೋರ್ಟ್ ಅಥಾರಿಟಿಯೇ ಪರೀಕ್ಷೆ ಕರೆದು ಸಂಬಳ ಕೊಟ್ಟು ಕಲಿಸುತ್ತದೆ. ನಮ್ಮ ಧಾರವಾಡದ ಕಾಲೇಜುಗಳಲ್ಲಿ ಬಿಎಸ್ಸಿ ಮಾಡಿದವರು ಎಷ್ಟಿಲ್ಲ? ಅವರಲ್ಲಿ ಎಷ್ಟು ಮಂದಿಗೆ ಈ ನೌಕರಿಯ ಹೆಸರಾದರೂ ಗೊತ್ತು? ಹ್ಯಾಂಡ್‌ಬಿಲ್ಲಿನಲ್ಲಿ ಇದು ಬರುವುದಿಲ್ಲ, ಏಕೆಂದರೆ ಇದರಲ್ಲಿ ಕಮಿಷನ್ ಇಲ್ಲ.

ಅಮೆರಿಕದ ಸೆಕೆಂಡ್ ಕ್ಲಾಸು ನಮ್ಮ ಕ್ಲಾಸ್ ಟೂ ಅಲ್ಲ

"ನಮಗೆ ಇಂಗ್ಲಿಷ್ ಬರ್ತೈತ್ರಿ, ಮೊಬೈಲಿನ್ಯಾಗ ಎಲ್ಲಾ ನೋಡೇವಿ" ಎನ್ನುವ ಜಾಣರಿಗೆ ಈ ಮಾತು. ಅಮೆರಿಕದಲ್ಲೂ ಪೈಲಟ್ ಮೆಡಿಕಲ್ ಮೂರು ದರ್ಜೆಯದು. ಆದರೆ ಅಲ್ಲಿ ಫಸ್ಟ್ ಕ್ಲಾಸ್ ಏರ್‌ಲೈನ್ ಕ್ಯಾಪ್ಟನ್‌ಗೆ, ಸೆಕೆಂಡ್ ಕ್ಲಾಸ್ ಕಮರ್ಷಿಯಲ್ ಪೈಲಟ್‌ಗೆ, ಥರ್ಡ್ ಕ್ಲಾಸ್ ಪ್ರೈವೇಟ್ ಪೈಲಟ್‌ಗೆ. ಅಮೆರಿಕದವನ ವಿಡಿಯೋ ನೋಡಿದ ಹುಡುಗ "ಕಮರ್ಷಿಯಲ್‌ಗೆ ಸೆಕೆಂಡ್ ಕ್ಲಾಸ್ ಸಾಕು" ಎಂದು ತಲೆಯಲ್ಲಿ ತುಂಬಿಕೊಂಡು ಬರುತ್ತಾನೆ. ವಿಡಿಯೋದವನು ಹೇಳಿದ್ದು ಅವನ ದೇಶಕ್ಕೆ ಸರಿ. ನಮ್ಮ ದೇಶ 1944ರ ಷಿಕಾಗೋ ಒಪ್ಪಂದದಿಂದ ಹುಟ್ಟಿದ ಅಂತರರಾಷ್ಟ್ರೀಯ ಸಂಸ್ಥೆಯ ಲೆಕ್ಕವನ್ನು ಹಿಡಿದಿದೆ. ಅದರಲ್ಲಿ ಎರಡನೆಯ ಕ್ಲಾಸ್ ಎಂದರೆ ಖಾಸಗಿ ಹಾರಾಟ, ಮೂರನೆಯದು ಕಂಟ್ರೋಲರ್. ಒಂದೇ ಅಂಕಿ, ಎರಡು ಅರ್ಥ!

ಇಂಗ್ಲಿಷ್ ಬಂದ ಕೂಡಲೇ ಜ್ಞಾನ ಬಂತು ಎಂದು ಎದೆಯುಬ್ಬಿಸುವವರು ಇದನ್ನು ಗಮನಿಸಬೇಕು. ನಮ್ಮ ನೆಲದ ನಿಯಮವನ್ನು ನಮ್ಮ ನುಡಿಯಲ್ಲಿ ಯಾರೂ ಬರೆಯದೆ ಇದ್ದರೆ ನಾವು ಪರರ ನಿಯಮವನ್ನು ಪರರ ನುಡಿಯಲ್ಲಿ ಓದಿ ಮೋಸ ಹೋಗುತ್ತೇವೆ. ಬ್ರೆಜಿಲಿನ ಹುಡುಗ ತನ್ನ ದೇಶದ ಮೆಡಿಕಲ್ ನಿಯಮವನ್ನು ಪೋರ್ಚುಗೀಸಿನಲ್ಲಿ ಓದುತ್ತಾನೆ, ಜಪಾನಿನವನು ಜಪಾನಿಯಲ್ಲಿ. ಅವರ ವಿಮಾನಗಳೇನೂ ನೆಲಕ್ಕೆ ಬಿದ್ದಿಲ್ಲವಲ್ಲ!

ಆಕಾಶದಲ್ಲಿ ರೇಡಿಯೋ ಮಾತು ಇಂಗ್ಲಿಷಿನಲ್ಲಿ ಆಗಬೇಕು, ಅದಕ್ಕೆ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ ನಾಲ್ಕನೆಯ ಹಂತವಾದರೂ ಮುಟ್ಟಬೇಕು. ಅದನ್ನು ನಾನು ಒಪ್ಪುತ್ತೇನೆ. ಬೇರೆ ಬೇರೆ ದೇಶದ ವಿಮಾನಗಳು ಒಂದೇ ಆಕಾಶದಲ್ಲಿ ಇರುವಾಗ ಒಂದು ನುಡಿ ಬೇಕೇ ಬೇಕು. ಕನ್ನಡ ಹೋರಾಟಗಾರರು ವಿಮಾನವನ್ನೂ ಕನ್ನಡದಲ್ಲೇ ಇಳಿಸಿ ಎನ್ನುತ್ತಾರೆಂದು ಕುಹಕವಾಡುವ ಮಹನೀಯರು ಇಲ್ಲಿಗೆ ಬಾಯಿ ಮುಚ್ಚಬಹುದು. ನಮ್ಮ ಪ್ರಶ್ನೆ ಬೇರೆ. ಲಕ್ಷಗಟ್ಟಲೆ ಸಾಲ ಎತ್ತುವ ಅಪ್ಪ, ಬಂಗಾರ ಅಡವಿಡುವ ಅವ್ವ ರೇಡಿಯೋದಲ್ಲಿ ಮಾತಾಡುವುದಿಲ್ಲ. ಅವರಿಗೆ ಕನ್ನಡದಲ್ಲಿ ತಿಳಿಸಿ ಹೇಳಲು ಯಾವ ಅಂತರರಾಷ್ಟ್ರೀಯ ಒಪ್ಪಂದ ಅಡ್ಡ ಬಂದಿದೆ?

ಕಣ್ಣಿನ ಮಾತು ಕಣ್ಣು ಬಿಟ್ಟು ಕೇಳಿ

ನಮ್ಮ ಕಡೆ ಒಂದು ಹಳೇ ನಂಬಿಕೆ ಇದೆ: ಕನ್ನಡಕ ಹಾಕಿದವನು ಪೈಲಟ್ ಆಗಲಾರ. ಈ ಮಾತು ಬಂದಿದ್ದು ವಾಯುಪಡೆಯ ಕಡೆಯಿಂದ. ಯುದ್ಧವಿಮಾನದ ಪೈಲಟ್ ಆಯ್ಕೆಯೇ ಬೇರೆ, ಅಲ್ಲಿ ಕಾಲಿನ ಉದ್ದ, ಕೂತಾಗಿನ ಎತ್ತರವನ್ನೂ ಅಳೆಯುತ್ತಾರೆ. ನಾಗರಿಕ ವಿಮಾನಕ್ಕೆ ಕನ್ನಡಕ ಹಾಕಿಯೇ ದೃಷ್ಟಿ ಸರಿಹೋದರೂ ಸಾಕು. ಅಂತರರಾಷ್ಟ್ರೀಯ ಮಟ್ಟ ಕೇಳುವುದು ಕ್ಲಾಸ್ ಒನ್‌ಗೆ ಒಂದೊಂದು ಕಣ್ಣಿಗೆ 6/9, ಎರಡೂ ಸೇರಿ 6/6. ಕ್ಲಾಸ್ ಟೂಗೆ ಒಂದೊಂದು ಕಣ್ಣಿಗೆ 6/12, ಎರಡೂ ಸೇರಿ 6/9. ಕನ್ನಡಕದೊಂದಿಗೆ! ಈ ಸುಳ್ಳು ನಂಬಿಕೆಯಿಂದ ಎಷ್ಟು ಬುದ್ಧಿವಂತ ಮಕ್ಕಳು ಅರ್ಜಿಯನ್ನೇ ಹಾಕದೆ ಉಳಿದಿದ್ದಾರೋ ದೇವರೇ ಬಲ್ಲ. ಕಣ್ಣಿನ ಲೇಸರ್ ಆಪರೇಷನ್ ಮಾಡಿಸಿದವರಿಗೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆದರೆ ಮಾಡಿಸಿದ ಕೂಡಲೇ ಹೋಗುವಂತಿಲ್ಲ, ಮುಚ್ಚಿಡುವಂತೆಯೂ ಇಲ್ಲ.

ಹೀಗೆ ಕನ್ನಡಕಕ್ಕೆ ಹೆದರುವ ಜನ, ನಿಜವಾಗಿ ಹೆದರಬೇಕಾದ ಬಣ್ಣದ ಪರೀಕ್ಷೆಯನ್ನು ಕೇಳಿಯೂ ಇರುವುದಿಲ್ಲ. ಕೆಂಪು ಹಸಿರು ಬೇರೆ ಮಾಡಿ ಕಾಣದ ದೋಷ ಹುಟ್ಟಿನಿಂದ ಬರುತ್ತದೆ, ತಾಯಿಯ ಕಡೆಯಿಂದ ಇಳಿದು ಹೆಚ್ಚಾಗಿ ಗಂಡುಮಕ್ಕಳಲ್ಲಿ ಕಾಣುತ್ತದೆ. ಅದಕ್ಕೆ ಔಷಧವಿಲ್ಲ. ಇರುವವನಿಗೆ ತನಗಿದೆ ಎಂದೇ ಗೊತ್ತಿರುವುದಿಲ್ಲ! ನಮ್ಮ ಪ್ರೆಸ್ಸಿನ ಕಸುಬಿನಲ್ಲಿ ಇದು ಬೇಗ ಹೊರಬೀಳುತ್ತದೆ. ಒಮ್ಮೆ ಕೆಲಸ ಕಲಿಯಲು ಬಂದ ಹುಡುಗನೊಬ್ಬ, ಬಹಳ ಚುರುಕು, ಪ್ರೂಫಿನಲ್ಲಿ ಹಸಿರು ಕಂದಾಗಿ ಬಿದ್ದಿದ್ದರೂ "ಬರೋಬ್ಬರಿ ಐತ್ರಿ" ಎನ್ನುತ್ತಿದ್ದ. ಅವನ ತಪ್ಪಲ್ಲ, ಅವನ ಕಣ್ಣಿಗೆ ಎರಡೂ ಒಂದೇ. ಅವನನ್ನು ಬೈಂಡಿಂಗ್ ಕಡೆ ಹಾಕಿದೆವು, ಇವತ್ತಿಗೂ ಚೆನ್ನಾಗಿ ದುಡಿಯುತ್ತಾನೆ. ಅದೇ ಹುಡುಗ ಐವತ್ತು ಲಕ್ಷ ಸುರಿದ ಮೇಲೆ ಇದು ತಿಳಿದಿದ್ದರೆ?

ಈ ದೋಷ ಹಿಡಿಯುವ ಚುಕ್ಕೆಗಳ ಪುಸ್ತಕವನ್ನು ಜಪಾನಿನ ಡಾಕ್ಟರ್ ಇಷಿಹಾರಾ 1917ರಲ್ಲಿ ಹೊರತಂದರು. ಅಚ್ಚಿನವನಾಗಿ ಒಂದು ಮಾತು ಸೇರಿಸುತ್ತೇನೆ: ಆ ಪುಸ್ತಕದ ಪ್ರಾಣವಿರುವುದೇ ಶಾಯಿಯಲ್ಲಿ. ಬಣ್ಣ ಮಾಸಿದ ಹಳೇ ಪ್ರತಿ, ಜೆರಾಕ್ಸ್ ಪ್ರತಿ, ಮೊಬೈಲಿನ ಪರದೆ, ಇವುಗಳಲ್ಲಿ ನೋಡಿ "ನಾ ಪಾಸ್" ಎಂದು ಹಿಗ್ಗಬೇಡಿ. ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಡಾ. ಎಂ. ಎಂ. ಜೋಶಿಯವರ ಕಾಲದಿಂದ ಇಡೀ ಉತ್ತರ ಕರ್ನಾಟಕ ಕಣ್ಣು ತೋರಿಸಲು ಬರುವ ಊರು ನಮ್ಮದು. ಐದು ನಿಮಿಷದ ಕೆಲಸ. ಕ್ಲಾಸ್ ಟೂಗೂ ಮುಂಚೆ ಇದೊಂದನ್ನು ಮಾಡಿಸಿಕೊಳ್ಳಿ. ಕಿವಿಯ ಆಡಿಯೋಗ್ರಾಮ್, ಎದೆಯ ಇಸಿಜಿ, ರಕ್ತ, ಮೂತ್ರ, ಇವನ್ನೂ ಇಲ್ಲೇ ಮಾಡಿಸಿ ನೋಡಿಕೊಂಡರೆ ಖರ್ಚು ಸಾವಿರಗಳ ಲೆಕ್ಕ. ಉಳಿಯುವುದು ಲಕ್ಷಗಳ ಲೆಕ್ಕ.

ಇನ್ನೊಂದು ಮಾತು. "ತಾತ್ಕಾಲಿಕ ಅನ್‌ಫಿಟ್" ಎಂದು ಬಂದರೆ ಊಟ ಬಿಟ್ಟು ಅಳುತ್ತ ಕೂಡಬೇಡಿ. ತೂಕ, ಬಿಪಿ, ಮೂಗಿನೊಳಗಿನ ತೊಂದರೆ, ಇಂಥವಕ್ಕೆ ಸಮಯ ಕೊಟ್ಟು ಮತ್ತೆ ಕರೆಯುತ್ತಾರೆ. ಕಾಯಂ ಅನ್‌ಫಿಟ್ ಎಂದರೂ ಮೇಲ್ಮನವಿಗೆ ದಾರಿ ಇದೆ. ಫಿಟ್ ಆದವರೂ ಮೈಮರೆಯುವಂತಿಲ್ಲ. ನಲವತ್ತರೊಳಗಿನ ಪೈಲಟ್‌ನ ಕ್ಲಾಸ್ ಒನ್ ಚೀಟಿಗೆ ಆಯುಷ್ಯ ಒಂದು ವರ್ಷ; ತರಬೇತಿ ಮುಗಿಯುವಷ್ಟರಲ್ಲಿ ಅದನ್ನು ನವೀಕರಿಸಲೇ ಬೇಕಾಗುತ್ತದೆ.

ಸಹಿ ನಿಮ್ಮದು, ಭಾಷೆ ಯಾರದು?

ಮೆಡಿಕಲ್ ಅರ್ಜಿಯಲ್ಲಿ ನಿಮ್ಮ ಹಿಂದಿನ ಕಾಯಿಲೆಗಳ ಉದ್ದನೆಯ ಪ್ರಶ್ನೆಪಟ್ಟಿ ಇರುತ್ತದೆ. ಕೆಳಗೆ ನೀವು ಸಹಿ ಮಾಡಬೇಕು. ಸುಳ್ಳೆಂದು ತಿಳಿದರೆ ಲೈಸೆನ್ಸಿಗೇ ಕುತ್ತು. ಸರಿ, ನ್ಯಾಯವೇ. ಆದರೆ ಕನ್ನಡ ಶಾಲೆಯಲ್ಲಿ ಹತ್ತು ವರ್ಷ ಓದಿದ ಹುಡುಗನಿಗೆ ಸಣ್ಣವನಿದ್ದಾಗ ಬರುತ್ತಿದ್ದ ದಮ್ಮು, ಜ್ವರದಲ್ಲಿ ಒಮ್ಮೆ ಬಂದ ಫಿಟ್ಸು, ಬಿಸಿಲಿನಲ್ಲಿ ಬಂದ ಚಕ್ಕರು, ಇವೆಲ್ಲ ಆ ಇಂಗ್ಲಿಷ್ ಪಟ್ಟಿಯಲ್ಲಿ ಯಾವ ಹೆಸರಿನಲ್ಲಿ ಕೂತಿವೆ ಎಂದು ಹೇಳುವವರು ಯಾರು? ಗೊತ್ತಿಲ್ಲದೆ "ಇಲ್ಲ" ಎಂದು ಬರೆದರೆ ಸುಳ್ಳುಗಾರ. ಗೊತ್ತಿಲ್ಲದೆ "ಹೌದು" ಎಂದು ಬರೆದರೆ ಇಲ್ಲದ ರೋಗಕ್ಕೆ ವಿಚಾರಣೆ. ತನ್ನ ಮೈಯ ಕತೆಯನ್ನು ತನ್ನ ನುಡಿಯಲ್ಲಿ ಹೇಳಲಾಗದವನನ್ನು ಪರೀಕ್ಷೆ ಮಾಡುವುದು ಯಾವ ವೈದ್ಯಶಾಸ್ತ್ರ ಸ್ವಾಮಿ?

ಮೊದಲ ಕ್ಲಾಸ್ ಒನ್ ಮಾಡುವ ವಾಯುಪಡೆಯ ಮುಖ್ಯ ಕೇಂದ್ರಗಳಲ್ಲಿ ಒಂದು ಬೆಂಗಳೂರಿನ ವಿಮಾನಪುರದಲ್ಲಿದೆ, ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ. 1957ರಿಂದ ನಡೆದುಬಂದ ಸಂಸ್ಥೆ ಅದು. ಪಕ್ಕದಲ್ಲೇ 1940ರಲ್ಲಿ ಮೈಸೂರು ಸಂಸ್ಥಾನದ ಪಾಲುಗಾರಿಕೆಯಲ್ಲಿ ಹುಟ್ಟಿದ ಎಚ್‌ಎಎಲ್ ಇದೆ. ಭಾರತದ ವಿಮಾನದ ತೊಟ್ಟಿಲೇ ಕರ್ನಾಟಕ! ಅಸ್ಸಾಮಿನ ಜೋರ್ಹಾಟ್, ದಿಲ್ಲಿ ಬಿಟ್ಟರೆ ದೇಶದ ಹುಡುಗರು ಬರುವುದು ನಮ್ಮ ನೆಲಕ್ಕೆ. ನಮ್ಮ ನೆಲ, ನಮ್ಮ ನೀರು. ಆದರೆ ನಮ್ಮ ಹುಡುಗ ಹುಬ್ಬಳ್ಳಿಯಿಂದ ನಾನೂರು ಕಿಲೋಮೀಟರ್ ಪ್ರಯಾಣ ಮಾಡಿ ಬಂದು ತನ್ನ ಮೈಯನ್ನು ಪರಭಾಷೆಯಲ್ಲಿ ವಿವರಿಸಬೇಕು.

ದಿಲ್ಲಿಯ ಧೋರಣೆ ನೋಡಿ. 1934ರ ಹಳೇ ವಿಮಾನ ಕಾಯ್ದೆಯ ಜಾಗದಲ್ಲಿ 2024ರಲ್ಲಿ ಹೊಸ ಕಾನೂನು ತಂದರು. ಇಂಗ್ಲಿಷ್ ಪ್ರತಿಯಲ್ಲೂ ಅದರ ಹೆಸರು "ಭಾರತೀಯ ವಾಯುಯಾನ ಅಧಿನಿಯಮ್". ದಕ್ಷಿಣದ ಸಂಸದರು ಹಿಂದಿ ಹೆಸರೇಕೆಂದು ಲೋಕಸಭೆಯಲ್ಲಿ ಕೇಳಿದರೂ ಕಿವಿಗೆ ಹಾಕಿಕೊಳ್ಳಲಿಲ್ಲ; 2025ರ ಜನವರಿ 1ರಿಂದ ಅದೇ ಜಾರಿಗೆ ಬಂತು. ಹೆಸರಿಗೆ ಹಿಂದಿ ಹಚ್ಚಲು ಇರುವ ಉತ್ಸಾಹದಲ್ಲಿ ಕಾಲುಭಾಗ ಕನ್ನಡದ ಒಂದು ತಿಳುವಳಿಕೆ ಪತ್ರ ಹೊರಡಿಸಲು ಇದ್ದಿದ್ದರೆ ಸಾಕಿತ್ತು.

ದಿಲ್ಲಿಯನ್ನಷ್ಟೇ ಬೈದು ಮನೆಗೆ ಹೋಗುವವನು ನಾನಲ್ಲ. ಕನ್ನಡಿಗರ ಉದ್ಯೋಗದ ಬಗ್ಗೆ 1986ರಲ್ಲಿ ಅಂತಿಮ ವರದಿ ಕೊಟ್ಟ ಡಾ. ಸರೋಜಿನಿ ಮಹಿಷಿ ಯಾರು? ನಮ್ಮ ಧಾರವಾಡದ ಪ್ರತಿನಿಧಿ. 1970ರ ದಶಕದ ಆರಂಭದಲ್ಲಿ ಕೇಂದ್ರದ ಪ್ರವಾಸೋದ್ಯಮ ಮತ್ತು ನಾಗರಿಕ ವಿಮಾನಯಾನ ಖಾತೆಯಲ್ಲೇ ಮಂತ್ರಿಯಾಗಿದ್ದವರು. ವರದಿಯ ಹೆಸರು ಹೇಳಿ ಮೈಕು ಹಿಡಿಯುವ ಎಷ್ಟೋ ಮುಖಂಡರಿಗೆ ಈ ಸಂಗತಿ ತಿಳಿದಿಲ್ಲ. ನೌಕರಿ ಕೊಡಿ ಎಂದು ಬೀದಿಗಿಳಿಯುವ ನಾವು, ಆ ನೌಕರಿಗೆ ಯಾವ ಕ್ಲಾಸಿನ ಮೆಡಿಕಲ್ ಬೇಕು ಎಂದು ನಮ್ಮ ಮಕ್ಕಳಿಗೆ ಹೇಳಿದ್ದೇವೆಯೇ? ಬೋರ್ಡಿಗೆ ಮಸಿ ಬಳಿಯುವುದು ಸುಲಭ, ಅದೇ ಶಾಯಿಯಲ್ಲಿ ನಾಲ್ಕು ಉಪಯೋಗದ ಸಾಲು ಬರೆಯುವುದು ಕಷ್ಟ!

ರಾಜ್ಯ ಸರ್ಕಾರವೂ ಕಡಿಮೆಯಿಲ್ಲ. 1940ರ ದಶಕದ ಕೊನೆಯಿಂದ ಜಕ್ಕೂರಿನಲ್ಲಿ ಸರ್ಕಾರದ್ದೇ ಹಾರಾಟದ ಶಾಲೆ ಇದೆ. ಇಂಥ ಶಾಲೆ ಕೈಯಲ್ಲಿಟ್ಟುಕೊಂಡ ಸರ್ಕಾರ ಪಿಯು ಕಾಲೇಜುಗಳಿಗೆ ಕನ್ನಡದ ಒಂದು ಕೈಪಿಡಿ ಕಳಿಸುವುದು ದೊಡ್ಡ ಮಾತೇ? ಈ ತುರ್ತು ಈಗ ಇನ್ನೂ ಹೆಚ್ಚಿದೆ. 2021ರಲ್ಲಿ ಏರ್‌ಪೋರ್ಟ್ ಅಥಾರಿಟಿ ಬೆಳಗಾವಿ, ಕಲಬುರಗಿಗಳಲ್ಲಿ ಹಾರಾಟದ ಶಾಲೆಗಳಿಗೆ ಜಾಗ ಕೊಟ್ಟಿತು. 2022ರ ಪಟ್ಟಿಯಲ್ಲಿ ನಮ್ಮ ಹುಬ್ಬಳ್ಳಿಯ ಹೆಸರೂ ಬಂತು. ಶಾಲೆ ಮನೆ ಬಾಗಿಲಿಗೆ ಬಂದರೆ ದಲ್ಲಾಳಿ ಅದಕ್ಕೂ ಮುಂಚೆ ಬರುತ್ತಾನೆ. ನಮ್ಮ ಹೆಣ್ಣುಮಕ್ಕಳೂ ಈ ದಾರಿಯಲ್ಲಿದ್ದಾರೆ. ಭಾರತದ ಪೈಲಟ್‌ಗಳಲ್ಲಿ ಮಹಿಳೆಯರ ಪಾಲು ಜಗತ್ತಿನ ಸರಾಸರಿಗಿಂತ ಬಹಳ ಹೆಚ್ಚು. ಮೋಸ ಹೋಗುವುದರಲ್ಲಿ ಗಂಡು ಹೆಣ್ಣು ಭೇದವಿಲ್ಲ.

ಹಿಂದೊಮ್ಮೆ ಹ್ಯಾಂಡ್‌ಬಿಲ್ಲು ಮಾಡಿಸಲು ಬಂದ ಒಬ್ಬ ಏಜೆಂಟನಿಗೆ ನಾನು ಹೇಳಿದೆ: "ಸಾಹೇಬ್ರ, ಕೆಳಗ ಒಂದು ಸಾಲು ಕನ್ನಡದಾಗ ಹಾಕೋಣ್ರಿ. ಫೀ ಕಟ್ಟೂಕಿಂತ ಮೊದ್ಲ ಕ್ಲಾಸ್ ಒನ್ ಮೆಡಿಕಲ್ ಮಾಡಿಸ್ಕೋರಿ ಅಂತ. ಆ ಸಾಲಿಗೆ ರೊಕ್ಕ ಬ್ಯಾಡ." ಅವನು ನಕ್ಕ. "ಅದನ್ನ ಹಾಕಿದ್ರ ಹುಡುಗ್ರು ಬರ್ತಾರೇನ್ರಿ?" ಎಂದು ಪೆನ್‌ಡ್ರೈವ್ ತೆಗೆದುಕೊಂಡು ಬೇರೆ ಪ್ರೆಸ್ಸಿಗೆ ಹೋದ. ಆ ಹ್ಯಾಂಡ್‌ಬಿಲ್ಲು ಮುಂದಿನ ವಾರ ಕೊಪ್ಪಿಕರ ರೋಡಿನಲ್ಲಿ ನನ್ನ ಕೈಗೇ ಬಂತು, ಆ ಸಾಲಿಲ್ಲದೆ.

ಆದ್ದರಿಂದ ನಾನು ಕೇಳುವುದು ಇಷ್ಟು. ಕರ್ನಾಟಕದಲ್ಲಿ ನಡೆಯುವ ಪ್ರತಿ ಹಾರಾಟದ ಶಾಲೆ, ಅಡ್ಮಿಶನ್ ಫಾರಂ ಕೊಡುವಾಗಲೇ ಕ್ಲಾಸ್ ಒನ್ ಮತ್ತು ಕ್ಲಾಸ್ ಟೂ ವ್ಯತ್ಯಾಸವನ್ನು ಕನ್ನಡದಲ್ಲಿ ಬರೆದು ಪಾಲಕರ ಸಹಿ ಪಡೆಯಬೇಕು. ಕಮರ್ಷಿಯಲ್ ಕೋರ್ಸಿಗೆ ಸೇರುವವರಿಂದ ಕ್ಲಾಸ್ ಒನ್ ಬರುವ ತನಕ ದೊಡ್ಡ ಕಂತು ವಸೂಲು ಮಾಡಬಾರದು. ಮೆಡಿಕಲ್ ಪ್ರಶ್ನೆಪಟ್ಟಿಯ ಕನ್ನಡ ಅನುವಾದ ಪರೀಕ್ಷಾ ಕೇಂದ್ರದಲ್ಲಿ ಕೈಗೆ ಸಿಗಬೇಕು. ಇದಕ್ಕಾಗಿ ಡಿಜಿಸಿಎಗೆ, ನಮ್ಮ ಸಂಸದರಿಗೆ, ಶಾಸಕರಿಗೆ ಸಂಘಟನೆಗಳು ಪತ್ರ ಬರೆಯಲಿ. ಕನ್ನಡದಲ್ಲೇ ಬರೆಯಲಿ.

ಸರ್ಕಾರ ಮಾಡುವ ತನಕ ಕೈಕಟ್ಟಿ ಕೂಡುವುದು ಬೇಡ. ಡೆಮಿ ಸೈಜಿನ ಒಂದು ಹಾಳೆ, ಎರಡೂ ಬದಿ, ಒಂದು ಬಣ್ಣ. ಒಂದು ಬದಿಗೆ ಮೂರು ಕ್ಲಾಸುಗಳ ವಿವರ, ಇನ್ನೊಂದು ಬದಿಗೆ ಅರ್ಜಿಯ ಕಾಯಿಲೆಗಳ ಹೆಸರು ಇಂಗ್ಲಿಷ್ ಹೇಗೆ, ನಮ್ಮ ಆಡುಮಾತಿನಲ್ಲಿ ಹೇಗೆ ಎಂಬ ಪಟ್ಟಿ. ಕಂಪೋಸಿಂಗ್, ಪ್ಲೇಟು, ಅಚ್ಚಿನ ಕೂಲಿ ನನ್ನದು. ಕಾಗದದ ಖರ್ಚು ಸಂಘಟನೆ ಹೊರಲಿ. ವಿಷಯ ತಿದ್ದಿಕೊಡಲು ಈ ಪರೀಕ್ಷೆ ಬಲ್ಲ ಒಬ್ಬ ಕನ್ನಡ ಡಾಕ್ಟರು, ಒಬ್ಬ ಕನ್ನಡ ಪೈಲಟ್ ಬೇಕು. ಓದುಗರಲ್ಲಿ ಅಂಥವರಿದ್ದರೆ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ಪ್ರೂಫ್ ಕಳಿಸುತ್ತೇನೆ.